ಅಜ್ಜ ಗಿರಣಿ ಸೇರಿದ ವರ್ಷ: ನಿಮ್ಮ ಊರಿನ ಒಂದೇ ಒಂದು ವರ್ಷವನ್ನು ಬರೆದಿಡುವುದು ಹೇಗೆ

ನಮ್ಮಜ್ಜ ಅಕ್ಕಲಕೋಟೆ ಕಡೆಯ ಹಳ್ಳಿ ಬಿಟ್ಟು ಸೊಲ್ಲಾಪುರದ ಬಟ್ಟೆ ಗಿರಣಿಗೆ ಸೇರಿದ್ದು 1925ರಲ್ಲಿ. ಇಷ್ಟು ಹೇಳೋಕೆ ನನಗೆ ಎರಡು ವರ್ಷ ಹಿಡಿಯಿತು. ಆ ಹುಡುಕಾಟದಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಗಿರಣಿಗೆ ಹೋದ ಅಜ್ಜನೋ ಬೀಡಿ ಕಟ್ಟಿದ ಅಜ್ಜಿಯೋ ಇದ್ದಿರಬಹುದು ಅಲ್ವಾ? ಅವರ ಕಥೆ ಕೇಳಿಸಿಕೊಂಡವರು ಇನ್ನೂ ಇರುವಾಗಲೇ ಕೆಲಸ ಶುರು ಮಾಡಿ.

ಮೊದಲು ಒಂದು ವರ್ಷ ಆರಿಸಿಕೊಳ್ಳಿ. ಊರಿನ ಪೂರ್ತಿ ಚರಿತ್ರೆಗೆ ಕೈ ಹಾಕಬೇಡಿ. ಸೊಲ್ಲಾಪುರಕ್ಕೆ ರೈಲು ಬಂದದ್ದು 1860ರಲ್ಲಿ. 1870ರ ದಶಕದಲ್ಲಿ ಮೊದಲ ಗಿರಣಿ ಬಂತು. ನಾವು ಇವತ್ತಿಗೂ ಅದನ್ನು ಹಳೆ ಗಿರಣಿ ಅಂತಲೇ ಕರೆಯುತ್ತೇವೆ. ಆಮೇಲೆ ನರಸಿಂಗ ಗಿರ್ಜಿ, ಲಕ್ಷ್ಮಿ, ವಿಷ್ಣು, ಹೀಗೆ ಒಂದೊಂದೇ ಎದ್ದವು. ಇದೆಲ್ಲ ಹರಡಿಕೊಂಡು ಕೂತರೆ ನಿಮ್ಮ ಮನೆಯವರು ಅದರಲ್ಲಿ ಎಲ್ಲೂ ಕಾಣುವುದಿಲ್ಲ. ಒಂದು ವರ್ಷ, ಒಂದು ಕೋಣೆ, ಅಲ್ಲಿ ಮಲಗುತ್ತಿದ್ದ ಜನ. ಅಷ್ಟು ಸಾಕು.

ವರ್ಷ ಗೊತ್ತು ಮಾಡಿಕೊಳ್ಳೋದೇ ಕಷ್ಟದ ಕೆಲಸ. ನಮ್ಮಪ್ಪನ ಅಕ್ಕನಿಗೆ, ಅಂದರೆ ನಮ್ಮ ಅತ್ತಿಗೆ, ಈಗ ತೊಂಬತ್ತು ದಾಟಿದೆ. "ಅಜ್ಜ ಯಾವ ಇಸವಿಯಲ್ಲಿ ಬಂದರು ಅತ್ತಿ?" ಅಂತ ಕೇಳಿದೆ. "ನನಗೇನ್ ಗೊತ್ತವ್ವಾ, ನಾ ಹುಟ್ಟಿದ್ದಿಲ್ಲ" ಅಂದರು. ಅಲ್ಲಿಗೆ ಮಾತು ಮುಗಿಯಿತು. ಇಸವಿ ಕೇಳಬಾರದು ಅಂತ ಆಗ ಅರ್ಥವಾಯಿತು. ಹಿರಿಯರು ಕಾಲವನ್ನು ದೊಡ್ಡ ಸಂಗತಿಗಳಿಗೆ ಗಂಟು ಹಾಕಿ ಇಟ್ಟುಕೊಂಡಿರುತ್ತಾರೆ. ನಮ್ಮ ಕಡೆ ಅಂಥ ಗಂಟು ಮೂರು. ಒಂದು ಪ್ಲೇಗು. ಎರಡನೆಯದು ಮಾನಮೋಡಿ, 1918ರ ಇನ್‌ಫ್ಲುಯೆಂಜಾ ಜ್ವರಕ್ಕೆ ಇಲ್ಲಿಯ ಹೆಸರು. ಮೂರನೆಯದು ಮಾರ್ಷಲ್ ಲಾ, ಅಂದರೆ ಸೇನೆಯ ಆಡಳಿತ. 1930ರ ಮೇ ತಿಂಗಳಲ್ಲಿ ಗಾಂಧೀಜಿಯನ್ನು ಹಿಡಿದ ಮೇಲೆ ಊರು ಎದ್ದು ನಿಂತಿತು, ಗೋಲಿಬಾರ್ ಆಯಿತು, ಸರ್ಕಾರ ಮಾರ್ಷಲ್ ಲಾ ಹೇರಿತು. ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ, ಕುರ್ಬಾನ್ ಹುಸೇನ್ ನಾಲ್ವರನ್ನೂ ಇದೇ ಪ್ರಕರಣದಲ್ಲಿ 1931ರ ಜನವರಿ 12ರಂದು ಯರವಡಾದಲ್ಲಿ ಗಲ್ಲಿಗೇರಿಸಿದರು. ಸೊಲ್ಲಾಪುರದ ಯಾವ ಮನೆಯೂ ಇದನ್ನು ಮರೆತಿಲ್ಲ.

ಹಾಗಾಗಿ ಹೀಗೆ ಕೇಳಿ: "ಅಜ್ಜ ಬಂದದ್ದು ಮಾನಮೋಡಿ ಆದಮೇಲೋ? ಮಾರ್ಷಲ್ ಲಾ ಹೊತ್ತಿಗೆ ಮನೆಯಲ್ಲಿ ಎಷ್ಟು ಮಕ್ಕಳಿದ್ದರು?" ಅತ್ತಿ ಕೂಡಲೇ ಹೇಳಿದರು: "ಮಾನಮೋಡಿ ಆದಮ್ಯಾಲ. ಮಾರ್ಷಲ್ ಲಾದಾಗ ದೊಡ್ಡಣ್ಣ ಓಡ್ಯಾಡ್ತಿದ್ದ, ಅವ ಹುಟ್ಟಿದ್ದು ಈ ಊರಾಗ." ಅಂದರೆ ಮಾನಮೋಡಿ ಆದಮೇಲೆ, 1930ಕ್ಕಿಂತ ಕಡಿಮೆಯೆಂದರೂ ಮೂರ್ನಾಲ್ಕು ವರ್ಷ ಮೊದಲು. ಹುಡುಕುವ ಜಾಗ ಇಷ್ಟು ಸಣ್ಣದಾಯಿತು.

ಆಮೇಲೆ ಟ್ರಂಕು ತೆಗೆಯಿರಿ. ನಮ್ಮ ಟ್ರಂಕಿನಲ್ಲಿ ಒಂದು ಸಾಲದ ಕಾಗದ ಸಿಕ್ಕಿತು. ಊರು ಬಿಡುವಾಗ ಎತ್ತು ಒತ್ತೆ ಇಟ್ಟು ಬರೆಸಿದ್ದು. ಮೋಡಿ ಲಿಪಿ, ಹಿಂದೆ ಮರಾಠಿ ಬರೆಯುತ್ತಿದ್ದ ಕೂಡಕ್ಷರ. ನಮ್ಮ ಮನೆಮಾತು ಕನ್ನಡವೇ ಆದರೂ ಕಾಗದಪತ್ರ ಮರಾಠಿಯಲ್ಲಿ, ಅದೂ ಮೋಡಿಯಲ್ಲಿ ಇರುವುದು ಇಲ್ಲಿ ಹೊಸದೇನಲ್ಲ. ಮೋಡಿ ಬಲ್ಲವರು ಈಗಲೂ ಇದ್ದಾರೆ, ಹುಡುಕಿ ಓದಿಸಿ. ಆದರೆ ಒಬ್ಬರ ಓದನ್ನೇ ನಂಬಬೇಡಿ. ಮೊದಲು ಓದಿದವರು ಶಾಲಿವಾಹನ ಶಕೆ 1841 ಅಂದರು. ಶಕೆಗೆ 78 ಕೂಡಿಸಿದರೆ 1919. ನಾನು ಅದನ್ನೇ ಹಿಡಿದು ಹತ್ತು ಪುಟ ಬರೆದುಬಿಟ್ಟೆ. ಎರಡನೆಯವರು ಪಕ್ಕದಲ್ಲಿದ್ದ ಸಂವತ್ಸರದ ಹೆಸರನ್ನೂ ಓದಿದರು. ಕ್ರೋಧನ. ಶಕೆ 1841 ಸಿದ್ಧಾರ್ಥಿ. ಕ್ರೋಧನ ಬರುವುದು 1847ಕ್ಕೆ. ಒಂದು ಅಂತ ಓದಿದ್ದು ಏಳು ಆಗಿತ್ತು! ತಿಂಗಳು ಭಾದ್ರಪದ, ಅಂದರೆ 1925ರ ಮಳೆಗಾಲ. ಆ ಹತ್ತು ಪುಟ ಹರಿದು ಹಾಕಿದೆ. ಅಂಕಿ ಮೋಸ ಮಾಡಬಹುದು, ಅದಕ್ಕೇ ಸಂವತ್ಸರದ ಹೆಸರಿನ ಜೊತೆ ತಾಳೆ ನೋಡಿ. ಇನ್ನೊಂದು ಮಾತು: ಮಾಘ, ಫಾಲ್ಗುಣದ ಕಾಗದವಾದರೆ 79 ಕೂಡಿಸಬೇಕು, ಯಾಕೆಂದರೆ ಅಷ್ಟರಲ್ಲಿ ಇಂಗ್ಲಿಷ್ ವರ್ಷ ಬದಲಾಗಿರುತ್ತದೆ.

ಈಗ ಊರಿನ ಲೆಕ್ಕ. ಜನಗಣತಿ ಹತ್ತು ವರ್ಷಕ್ಕೊಮ್ಮೆ, ಹಾಗಾಗಿ 1925ಕ್ಕೆ ಅಂಕಿ ಸಿಗುವುದಿಲ್ಲ. ಹಿಂದಿನದು ಮುಂದಿನದು ಎರಡೂ ನೋಡಿ. 1921ರಲ್ಲಿ ಸೊಲ್ಲಾಪುರದಲ್ಲಿ ಸುಮಾರು 1 ಲಕ್ಷ 19 ಸಾವಿರ ಜನ, 1931ರಲ್ಲಿ 1 ಲಕ್ಷ 44 ಸಾವಿರ. ಅಜ್ಜ ಬಂದದ್ದು ಈ ಎರಡರ ನಡುವೆ. 1911ರಲ್ಲಿ ಬರೀ 61 ಸಾವಿರ ಇತ್ತು. ಹಾಗಂತ ಹತ್ತು ವರ್ಷದಲ್ಲಿ ಊರು ಎರಡು ಪಟ್ಟಾಯಿತು ಅಂತ ಬರೆಯುವ ಮುಂಚೆ ಸ್ವಲ್ಪ ನಿಲ್ಲಿ. ಅವು ಪ್ಲೇಗಿನ ವರ್ಷಗಳು. ಪ್ಲೇಗು ಬಂದರೆ ಜನ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಕಟ್ಟಿಕೊಂಡು ಇರುತ್ತಿದ್ದರು. 1901ರಲ್ಲೇ 75 ಸಾವಿರ ಇದ್ದ ಊರು ಇದು. ಕಡಿಮೆ ಅಂಕಿ ಕಂಡಾಗ ಜನ ಎಲ್ಲಿ ಹೋದರು ಅಂತ ಕೇಳಿಕೊಳ್ಳಿ.

ನಮ್ಮ ಅದೃಷ್ಟಕ್ಕೆ, 1925ರಲ್ಲೇ ಮುಂಬೈ ಸರ್ಕಾರದ ಲೇಬರ್ ಆಫೀಸಿನವರು ಸೊಲ್ಲಾಪುರದ ಗಿರಣಿ ಕಾರ್ಮಿಕರ ಮನೆಗಳಿಗೆ ಹೋಗಿ ಖರ್ಚುವೆಚ್ಚ ಬರೆದುಕೊಂಡಿದ್ದರು. 1928ರಲ್ಲಿ ಅದು ವರದಿಯಾಗಿ ಬಂತು. ಇಂಥ ಹಳೆ ವರದಿಗಳನ್ನು ಪುಣೆಯ ಗೋಖಲೆ ಸಂಸ್ಥೆಯ ಗ್ರಂಥಾಲಯ ಜೋಪಾನ ಮಾಡಿದೆ. ಓದುವಾಗ ನೆನಪಿಡಿ, ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಆ ಪಗಾರ ಈಗಿನ ಎಷ್ಟು ರೂಪಾಯಿ ಅಂತ ಲೆಕ್ಕ ಹಾಕೋದಕ್ಕೆ ಹೋಗಬೇಡಿ, ಅದರಿಂದ ಏನೂ ತಿಳಿಯದು. ಜೋಳಕ್ಕೆ ಎಷ್ಟು ಹೋಯಿತು, ಬಾಡಿಗೆಗೆ ಎಷ್ಟು, ಬಡ್ಡಿಗೆ ಎಷ್ಟು ಅಂತ ನೋಡಿ. ಮನೆಯವರ ಹೊಟ್ಟೆ ತುಂಬಿತ್ತೋ ಇಲ್ಲವೋ ಆಗ ಗೊತ್ತಾಗುತ್ತದೆ.

ಹಿರಿಯರ ಮಾತನ್ನೂ ಹೀಗೇ ತಾಳೆ ನೋಡಬೇಕು. "ಕತ್ತಲಾಗ ಭೋಂಗಾ ಆಗ್ತಿತ್ತು, ನಿಮ್ಮಜ್ಜ ರೊಟ್ಟಿ ಶೇಂಗಾ ಚಟ್ನಿ ಕಟ್ಕೊಂಡು ಹೋದ್ರ ದೀಪ ಹಚ್ಚೋ ಹೊತ್ತಿಗೇ ಬರೋದು" ಅಂತ ಅಜ್ಜಿ ಹೇಳುತ್ತಿದ್ದಳಂತೆ. ಭೋಂಗಾ ಅಂದರೆ ಗಿರಣಿಯ ಸೈರನ್ನು. ಸುಮ್ನೆ ಹೇಳಿದ ಮಾತಲ್ಲ ಅದು. 1922ರಲ್ಲಿ ಜಾರಿಗೆ ಬಂದ ಫ್ಯಾಕ್ಟರಿ ಕಾಯ್ದೆಯ ಪ್ರಕಾರ ದಿನಕ್ಕೆ 11 ಗಂಟೆ, ವಾರಕ್ಕೆ 60 ಗಂಟೆ ಕೆಲಸ ಮಾಡಿಸಬಹುದಿತ್ತು. ನಡುವಿನ ಬಿಡುವು, ನಡೆದು ಹೋಗಿ ಬರುವುದು ಸೇರಿಸಿ, ಕತ್ತಲಿಂದ ಕತ್ತಲು.

ಬರೆಯುವಾಗ ಅವರ ಮಾತುಗಳನ್ನೇ ಬಳಸಿ. ಭೋಂಗಾ, ಪಗಾರ, ಪಾಳಿ, ಮುಕಾದಮ (ಕೆಲಸಗಾರರ ಮೇಲ್ವಿಚಾರಕ). ಇವನ್ನು ತಿದ್ದಿ ಪುಸ್ತಕದ ಮಾತು ಹಾಕಿದರೆ ಅಜ್ಜ ಆ ಪುಟದಿಂದ ಎದ್ದು ಹೋಗುತ್ತಾನೆ. ಅಕ್ಕಪಕ್ಕದವರನ್ನೂ ಬಿಡಬೇಡಿ. ಸಾಲು ಕೋಣೆಗಳ ನಮ್ಮ ಚಾಳಿನ ಗೋಡೆಯಾಚೆ ತೆಲುಗು ಮಾತಾಡುವ ಪದ್ಮಶಾಲಿ ನೇಕಾರರು, ಎದುರಿಗೆ ಮರಾಠಿಯವರು. ಸಂಕ್ರಾಂತಿಗೆ ಸಿದ್ಧರಾಮೇಶ್ವರ ಜಾತ್ರೆಯ ನಂದಿಕೋಲು ನೋಡಲು ಎಲ್ಲರೂ ಒಟ್ಟಿಗೆ ಹೋಗುತ್ತಿದ್ದರು. ಊರು ಬೆಳೆಯಿತು ಅಂದರೆ ಇವರೆಲ್ಲ ಬಂದರು ಅಂತಲೇ ಅರ್ಥ.

ಕೊನೆಗೆ, ಬರೆದದ್ದನ್ನು ಅಚ್ಚಿಗೆ ಕೊಡುವ ಮೊದಲು ಮನೆಯ ಹಿರಿಯರಿಗೆ ಜೋರಾಗಿ ಓದಿ ಹೇಳಿ. ಪಕ್ಕದಲ್ಲಿ ಪೆನ್ನು ಇರಲಿ. ನಾನು "ಆ ಕೋಣೆಯಲ್ಲಿ ಐದು ಜನ ಮಲಗುತ್ತಿದ್ದರು" ಅಂತ ಓದಿದಾಗ ಅತ್ತಿ ಕೈ ಅಡ್ಡ ಹಿಡಿದರು. "ಐದಲ್ಲ, ಎಂಟು. ಹಳ್ಳಿಯಿಂದ ಗಿರಣಿ ಕೆಲಸ ಹುಡುಕ್ಕೊಂಡು ಬಂದ ಹುಡುಗರು ಮೂರು ಮಂದಿ ನಮ್ಮನ್ಯಾಗ ಊಟಕ್ಕಿದ್ರು. ನಿಮ್ಮಜ್ಜಿ ದಿನಾ ಎಂಟು ಮಂದಿಗೆ ರೊಟ್ಟಿ ಬಡೀತಿದ್ಲು. ಅದನ್ನ ಬರಿ." ಬರೆದೆ. ಈಗ ಆ ಮೂವರ ಹೆಸರು ಹುಡುಕುತ್ತಿದ್ದೇನೆ.