ಈ ಪ್ರಾಸೆಸ್ ಶುರುವಾಗಿದ್ದು ಯಾವತ್ತು?

ಹೂಟಗಳ್ಳಿ ಕಡೆಯ ಒಂದು ಕಾರ್ಖಾನೆ ಎಂದಿಟ್ಟುಕೊಳ್ಳಿ. 2024ರ ಆಯುಧಪೂಜೆಗೆ ಲೇಥ್, ಡ್ರಿಲ್ಲಿಂಗ್ ಮೆಷಿನ್‌ಗಳ ಜೊತೆ ಲಿನಕ್ಸ್ ಸರ್ವರನ್ನೂ ಆಫ್ ಮಾಡಿ ಕುಂಕುಮ ಹಚ್ಚಿದರು. ದಸರಾ ಮುಗಿದ ಸೋಮವಾರ ಚಾಲೂ ಮಾಡಿದರು. ಆಮೇಲೆ ಯಾವಾಗಲೋ ಬಿಲ್ಲಿಂಗ್ ಪ್ರೋಗ್ರಾಂನ ಕಾನ್ಫಿಗ್ ಫೈಲ್ (ಸೆಟ್ಟಿಂಗ್ ಬರೆದಿಡುವ ಫೈಲ್) ಬದಲಾಗಿದೆ, ಬಿಲ್ ಮಾತ್ರ ಹಳೇ ಲೆಕ್ಕದಲ್ಲೇ ಬರುತ್ತಿದೆ. ಇಂಥ ಎಷ್ಟೋ ಪ್ರೋಗ್ರಾಂಗಳು ಕಾನ್ಫಿಗ್ ಓದುವುದು ಶುರುವಾಗುವಾಗ ಒಮ್ಮೆ ಮಾತ್ರ. ‘ರೀಸ್ಟಾರ್ಟ್ ಮಾಡಿದ್ದೆ ಸಾರ್’ ಎಂಬ ಮಾತು ನಂಬುವ ಬದಲು ಲಿನಕ್ಸ್‌ನ ತಿರುಳಾದ ಕರ್ನಲ್ ಇಟ್ಟ ಲೆಕ್ಕ ನೋಡುವುದು ವಾಸಿ. (ಆಜ್ಞೆಗಳನ್ನು ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪಿಸಿ.)

ಓಡುತ್ತಿರುವ ಪ್ರೋಗ್ರಾಂಗೆ ಪ್ರಾಸೆಸ್ ಎನ್ನುತ್ತಾರೆ. ಮೊದಲು ಅದರ ಪಿಐಡಿ, ಅಂದರೆ ಕರ್ನಲ್ ಅದಕ್ಕೆ ಕೊಟ್ಟ ನಂಬರ್, ಬೇಕು. ‘ಪಿಗ್ರೆಪ್ -ಎ’ ಮುಂದೆ ಪ್ರೋಗ್ರಾಂ ಹೆಸರು ಕೊಟ್ಟರೆ ಸಿಗುತ್ತದೆ. ಒಂದಕ್ಕಿಂತ ಹೆಚ್ಚು ಸಾಲು ಬಂದರೆ ಅವಸರ ಬೇಡ. ಎನ್‌ಜಿನ್ಎಕ್ಸ್‌ನಂಥ ವೆಬ್ ಸರ್ವರ್ ಪ್ರೋಗ್ರಾಂಗಳಲ್ಲಿ ಒಂದು ಮಾಸ್ಟರ್, ಅದರ ಕೈಕೆಳಗೆ ವರ್ಕರ್‌ಗಳು. ರೀಲೋಡ್ ಮಾಡಿದರೆ (ನಿಲ್ಲಿಸದೆ ಕಾನ್ಫಿಗ್ ಮತ್ತೆ ಓದಿಸಿದರೆ) ವರ್ಕರ್‌ಗಳು ಹೊಸದಾಗಿ ಹುಟ್ಟುತ್ತವೆ, ಮಾಸ್ಟರ್ ಹಳೆಯದೇ ಉಳಿಯುತ್ತದೆ. ಕಾನ್ಫಿಗ್ ಯಾವಾಗ ಹತ್ತಿತು ಎಂಬುದಕ್ಕೆ ವರ್ಕರ್ ನೋಡಿ, ಸರ್ವಿಸ್ ಎಂದಿನಿಂದ ಓಡುತ್ತಿದೆ ಎಂಬುದಕ್ಕೆ ಮಾಸ್ಟರ್ ನೋಡಿ.

ಪ್ರಾಸೆಸ್‌ಗಳ ಪಟ್ಟಿ ಕೊಡುವ, ಎಲ್ಲರ ಬೆರಳಿಗೂ ರೂಢಿಯಾದ ‘ಪಿಎಸ್ -ಇಎಫ್’ ಇಲ್ಲಿ ಅರ್ಧಂಬರ್ಧ. ಅದರ ಎಸ್‌ಟೈಮ್ ಕಾಲಂ ಇವತ್ತು ಶುರುವಾದದ್ದಕ್ಕೆ ಗಂಟೆ-ನಿಮಿಷ ತೋರಿಸುತ್ತದೆ, ಈ ವರ್ಷದ್ದಕ್ಕೆ ತಿಂಗಳು-ತಾರೀಕು, ಅದಕ್ಕೂ ಹಳೆಯದಾದರೆ ಬರೀ ಇಸವಿ. ಪ್ರಾಸೆಸ್ ಹಳೆಯದಾದಷ್ಟೂ ಉತ್ತರ ಮಸುಕು!

ಕೇಳಬೇಕಾದದ್ದು ಹೀಗೆ:

ಪಿಎಸ್ -ಪಿ 1432 -ಓ ಎಲ್‌ಸ್ಟಾರ್ಟ್,ಇಟೈಮ್

1432ರ ಜಾಗದಲ್ಲಿ ನಿಮ್ಮ ಪಿಐಡಿ. ಎಲ್‌ಸ್ಟಾರ್ಟ್ ವಾರ, ತಾರೀಕು, ಸೆಕೆಂಡ್, ಇಸವಿ ಎಲ್ಲ ಕೊಡುತ್ತದೆ. ಇಟೈಮ್ ಎಂದರೆ ಶುರುವಾಗಿ ಎಷ್ಟು ಹೊತ್ತಾಯಿತು ಎಂಬುದು: 97-04:11:26 ಎಂದಿದ್ದರೆ 97 ದಿನ, 4 ಗಂಟೆ, 11 ನಿಮಿಷ, 26 ಸೆಕೆಂಡ್. ಕಾನ್ಫಿಗ್ ಫೈಲ್ ಬದಲಾದ ಹೊತ್ತನ್ನು ‘ಸ್ಟ್ಯಾಟ್’ ಆಜ್ಞೆಯಿಂದ ತೆಗೆದು ಪಕ್ಕದಲ್ಲಿಡಿ. ಫೈಲ್ ಈಚಿನದು, ಪ್ರಾಸೆಸ್ ಆಚಿನದು ಎಂದಾದರೆ ಫೈಲ್ ಬದಲಾದ ಮೇಲೆ ರೀಸ್ಟಾರ್ಟ್ ಆಗಿಯೇ ಇಲ್ಲ.

ಒಂದು ಎಚ್ಚರಿಕೆ. ಸರ್ವರ್‌ನ ಗಡಿಯಾರ ಯುಟಿಸಿಯಲ್ಲಿದ್ದರೆ (ಜಾಗತಿಕ ಪ್ರಮಾಣ ಸಮಯ) ನಮ್ಮ ಹೊತ್ತಿಗೆ ಐದೂವರೆ ಗಂಟೆ ಕೂಡಿಸಿಕೊಳ್ಳಬೇಕು. ಅಕ್ಟೋಬರ್ 14, 03:52 ಎಂದು ಕಂಡಿತೆಂದು ಬೆಳಗಿನ ಜಾವ ಯಾರು ಬಂದಿದ್ದರೆಂದು ವಾಚ್‌ಮನ್‌ನನ್ನು ಕೇಳಬೇಡಿ. ನಮ್ಮ ಗಡಿಯಾರದಲ್ಲಿ ಅದು 9:22, ಆಫೀಸ್ ಬಾಗಿಲು ತೆಗೆಯುವ ಹೊತ್ತು.

ಕರ್ನಲ್ ಪ್ರಾಸೆಸ್‌ಗಳ ವಿವರ ತೋರಿಸುವ ‘/ಪ್ರಾಕ್’ ಒಳಗೆ ಆ ಪಿಐಡಿಯ ಫೋಲ್ಡರ್ ತಾರೀಕು ನೋಡಿದರಾಯಿತು ಎನ್ನುವವರಿದ್ದಾರೆ. ನಂಬಬೇಡಿ. ಆ ಫೋಲ್ಡರ್ ಡಿಸ್ಕ್‌ನಲ್ಲಿ ಇರುವಂಥದ್ದಲ್ಲ. ಆ ತಾರೀಕು ಕರ್ನಲ್ ಅದನ್ನು ಮೆಮೊರಿಯಲ್ಲಿ ಸೃಷ್ಟಿಸಿದ ಹೊತ್ತಿನದು, ಪ್ರಾಸೆಸ್ ಹುಟ್ಟಿದ್ದಲ್ಲ. ಅಸಲಿ ಲೆಕ್ಕ ಅದರೊಳಗಿನ ‘ಸ್ಟ್ಯಾಟ್’ ಫೈಲಿನ 22ನೇ ಅಂಕಣದಲ್ಲಿದೆ: ಯಂತ್ರ ಬೂಟ್ ಆದ ಮೇಲೆ ಎಷ್ಟು ಟಿಕ್‌ಗೆ (ಸಮಯ ಎಣಿಸುವ ಚೂರು) ಶುರುವಾಯಿತು ಎಂದು. ಸಾಮಾನ್ಯವಾಗಿ ಸೆಕೆಂಡಿಗೆ 100 ಟಿಕ್. ಭಾಗಿಸಿ, ‘/ಪ್ರಾಕ್/ಸ್ಟ್ಯಾಟ್’ನ ಬಿಟೈಮ್ (ಯಂತ್ರ ಬೂಟ್ ಆದ ಹೊತ್ತು) ಕೂಡಿಸಿದರೆ 1970ರ ಜನವರಿ 1ರಿಂದ ಎಣಿಸಿದ ಸೆಕೆಂಡ್ ಬರುತ್ತದೆ. ಪಿಎಸ್ ಮಾಡುವುದೂ ಹೆಚ್ಚುಕಮ್ಮಿ ಇದನ್ನೇ. ಗಡಿಯಾರ ತಿದ್ದಿದಂತೆ ಬಿಟೈಮ್ ಕೂಡ ಸರಿಯುವುದರಿಂದ ಒಂದೆರಡು ಸೆಕೆಂಡ್ ಆಚೀಚೆ ಕಂಡರೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಮ್ಯಾಕ್, ಫ್ರೀಬಿಎಸ್‌ಡಿಗಳಲ್ಲೂ ಎಲ್‌ಸ್ಟಾರ್ಟ್ ನಡೆಯುತ್ತದೆ. ಆದರೆ ಅದು ಯುನಿಕ್ಸ್‌ಗಳ ಸಾಮಾನ್ಯ ಮಾನದಂಡವಾದ ಪಾಸಿಕ್ಸ್‌ನ ಪಟ್ಟಿಯಲ್ಲಿಲ್ಲ, ಇಟೈಮ್ ಇದೆ. ಹಳೇ ಯುನಿಕ್ಸ್ ಪೆಟ್ಟಿಗೆ ಎದುರಾದರೆ ಇಟೈಮ್ ತೆಗೆದು ಕ್ಯಾಲೆಂಡರ್‌ನಲ್ಲಿ ಹಿಂದಕ್ಕೆ ಎಣಿಸಿ.