ಹೆಬ್ರಿ ಸೋಮೇಶ್ವರದ ಗದ್ದೆಯಲ್ಲಿ ನಾವು ಮದುವೆಯಾದ ಬಗೆ

ಸೋಮೇಶ್ವರ ಅಂದ ಕೂಡಲೇ ಮಂಗಳೂರಿನವರಿಗೆ ನೆನಪಾಗುವುದು ಉಳ್ಳಾಲದ ಕಡಲು. ನಾನು ಹೇಳುತ್ತಿರುವುದು ಹೆಬ್ರಿಯ ಆಚೆಗಿನ ಸೋಮೇಶ್ವರ. ಉಡುಪಿಯಿಂದ ಆಗುಂಬೆಗೆ ಹೋಗುವಾಗ ಘಾಟಿ ಹತ್ತುವ ಮೊದಲು ಸಿಗುವ ಪೇಟೆ. ಅದು ದಾಟಿದರೆ 14 ತಿರುವಿನ ಘಾಟಿ ಶುರು. ಸೀತಾನದಿ, ಅಡಿಕೆ ತೋಟ, ಗದ್ದೆ, ಸುತ್ತ ಸೋಮೇಶ್ವರ ವನ್ಯಜೀವಿ ಅಭಯಾರಣ್ಯದ ಕಾಡು. ಅಲ್ಲಿ ನನ್ನ ಸೋದರಮಾವನ ಗದ್ದೆಯಲ್ಲಿ ಮೂವತ್ತರೊಳಗಿನ ಜನರ ಎದುರು ನಾವು ಮದುವೆಯಾದೆವು. ಆಮೇಲೆ ತುಂಬಾ ಜನ ಕೇಳಿದರು, ಎಲ್ಲ ಹೇಗೆ ಹೊಂದಿಸಿದ್ರಿ ಅಂತ. ಅದಕ್ಕೆ ಬರೆಯುತ್ತಿದ್ದೇನೆ.

ನನ್ನ ಮನೆಮಾತು ತುಳು. ಇವರದು ಮಂಗಳೂರಿನ ಕೆಥೊಲಿಕ್ ಮನೆ, ಕೊಂಕಣಿ. ಎರಡೂ ಮನೆಯವರು ಮದುವೆಗೆ ಒಪ್ಪಿದ್ದರು. ಆದರೆ ಯಾವ ಮದುವೆ ಹಾಲ್, ಯಾರ ಪದ್ಧತಿ, ಯಾರ ಕಡೆಯಿಂದ ಎಷ್ಟು ಜನ ಅನ್ನುವ ಮಾತು ಶುರುವಾದರೆ ಮುಗಿಯುವ ಲಕ್ಷಣವೇ ಕಾಣಲಿಲ್ಲ. ನಮಗಿಬ್ಬರಿಗೂ ಚಾರಣದ ಹುಚ್ಚು. ಪರಿಚಯವಾದದ್ದೂ ಘಟ್ಟದ ಬುಡದಲ್ಲೇ. ಹಾಗಾದರೆ ಅಲ್ಲೇ ಆಗೋಣ, ತೀರಾ ಹತ್ತಿರದವರು ಮಾತ್ರ ಬರಲಿ ಅಂತ ತೀರ್ಮಾನ ಮಾಡಿದೆವು.

ಮೊದಲು ಕಾನೂನಿನ ವಿಷಯ. ಇದನ್ನು ಕೊನೆಗೆ ಇಟ್ಟುಕೊಳ್ಳಲೇಬೇಡಿ. ಬೇರೆ ಬೇರೆ ಧರ್ಮದವರು ಧರ್ಮ ಬದಲಿಸದೆ ಮದುವೆಯಾಗಬೇಕಾದರೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಇಬ್ಬರಲ್ಲಿ ಒಬ್ಬರಾದರೂ ಕನಿಷ್ಠ 30 ದಿನ ವಾಸವಿರುವ ಜಿಲ್ಲೆಯಲ್ಲಿ ವಿವಾಹಾಧಿಕಾರಿಗೆ, ಅಂದರೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ, ನೋಟಿಸ್ ಕೊಡಬೇಕು. ಅದನ್ನು ಆಫೀಸಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಅಂಟಿಸುತ್ತಾರೆ. 30 ದಿನದೊಳಗೆ ಕಾನೂನು ಒಪ್ಪುವಂಥ ಆಕ್ಷೇಪ ಬರದಿದ್ದರೆ ಮದುವೆಗೆ ದಾರಿ ಸಲೀಸು. ನೋಟಿಸ್ ಕೊಟ್ಟು ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಮತ್ತೆ ಹೊಸ ನೋಟಿಸ್ ಬೇಕು. ಹಾಗಾಗಿ ಮಳೆಗಾಲದಲ್ಲಿ ನೋಟಿಸ್ ಕೊಟ್ಟು ಚಳಿಗಾಲದಲ್ಲಿ ಮದುವೆಯಾಗುತ್ತೇವೆ ಅಂದರೆ ಲೆಕ್ಕ ತಪ್ಪುತ್ತದೆ. ನಾನಿರುವುದು ಉಡುಪಿಯಲ್ಲಿ, ಅಲ್ಲೇ ನೋಟಿಸ್ ಕೊಟ್ಟೆವು. ಇವರ ಕಾಯಂ ವಿಳಾಸ ಇನ್ನೊಂದು ಜಿಲ್ಲೆಯದಾದ ಕಾರಣ ಅದರ ಪ್ರತಿ ಮಂಗಳೂರಿಗೂ ಹೋಯಿತು. ಮನೆಯಲ್ಲಿ ಇನ್ನೂ ಹೇಳದವರು ಈ ಎರಡು ಸಂಗತಿಯನ್ನು ನೆನಪಿಟ್ಟುಕೊಳ್ಳಿ: ನೋಟಿಸ್ ಗೋಡೆ ಮೇಲೆ ಬರುತ್ತದೆ, ಅದರ ನಕಲು ಕಾಯಂ ವಿಳಾಸದ ಜಿಲ್ಲೆಯ ಆಫೀಸಿಗೂ ಹೋಗುತ್ತದೆ.

ಈ ಕಾಯ್ದೆಯಲ್ಲಿ ಒಂದು ಒಳ್ಳೆಯ ಅವಕಾಶ ಇದೆ. ಹೆಚ್ಚಿನ ಶುಲ್ಕ ಕಟ್ಟಿದರೆ, ಆಫೀಸಿನಿಂದ ತೀರಾ ದೂರವಲ್ಲದ ಬೇರೆ ಜಾಗಕ್ಕೆ ಅಧಿಕಾರಿಯೇ ಬಂದು ಮದುವೆ ನಡೆಸಬಹುದು. ನಾವು ಯೋಚಿಸಿದೆವು, ಆಮೇಲೆ ಬೇಡ ಅಂದೆವು. ಗದ್ದೆಯ ದಿನ ಗಡಿಯಾರ ನೋಡಿಕೊಂಡು ಯಾರನ್ನೋ ಕಾಯುವುದು ನನಗೆ ಬೇಡವಾಗಿತ್ತು. ಆ ವಾರದ ಮೊದಲ ದಿನವೇ ಮೂವರು ಸಾಕ್ಷಿಗಳನ್ನು ಕರೆದುಕೊಂಡು ಆಫೀಸಿಗೆ ಹೋದೆವು. ನಿಮ್ಮನ್ನು ಕಾನೂನು ಪ್ರಕಾರ ಗಂಡನಾಗಿ, ಹೆಂಡತಿಯಾಗಿ ಸ್ವೀಕರಿಸುತ್ತೇನೆ ಅಂತ ಒಬ್ಬರಿಗೊಬ್ಬರು ಹೇಳಬೇಕು. ಇಬ್ಬರಿಗೂ ಅರ್ಥವಾಗುವ ಯಾವ ಭಾಷೆಯಾದರೂ ಆಗುತ್ತದೆ. ನಾವು ತುಳುವಿನಲ್ಲಿ ಹೇಳಿದೆವು. ನಾವಿಬ್ಬರೂ ಜಗಳವಾಡುವುದೂ ರಾಜಿಯಾಗುವುದೂ ಅದರಲ್ಲೇ. ಸಹಿ ಹಾಕುವಾಗ ಕೈ ನಡುಗಿತು, ಅದು ನಿಜ.

ಇನ್ನೊಂದು ಮಾತು. ಹಿಂದೂ ಅವಿಭಕ್ತ ಕುಟುಂಬದವರು ಬೇರೆ ಧರ್ಮದವರನ್ನು ಈ ಕಾಯ್ದೆಯಡಿ ಮದುವೆಯಾದರೆ ಕಾನೂನಿನ ಲೆಕ್ಕದಲ್ಲಿ ಆ ಕುಟುಂಬದಿಂದ ಬೇರೆಯಾದ ಹಾಗೆ. ಮುಂದಿನ ಉತ್ತರಾಧಿಕಾರಕ್ಕೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಬರುತ್ತದೆ. ಮನೆಯಲ್ಲಿ ಜಾಗ, ತೋಟ ಇದ್ದರೆ ಒಬ್ಬ ವಕೀಲರ ಹತ್ತಿರ ಮೊದಲೇ ಮಾತಾಡಿ. ನಾವು ಮಾತಾಡಿದೆವು, ಮನಸ್ಸು ಹಗುರಾಯಿತು.

ಈಗ ಜಾಗ. ಶುರುವಿನಲ್ಲಿ ನಮ್ಮ ಆಸೆ ಇದ್ದದ್ದು ಕಾಡಿನ ಒಳಗೆ, ಹೊಳೆಯ ಪಕ್ಕ. ಆದರೆ ಅಭಯಾರಣ್ಯದೊಳಗೆ ಯಾವುದಕ್ಕೆಲ್ಲ ಪರವಾನಗಿ ಸಿಗುತ್ತದೆ ಅನ್ನುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲೇ ಇದೆ. ವನ್ಯಜೀವಿ ಅಧ್ಯಯನ, ಫೋಟೋ, ಸಂಶೋಧನೆ, ಪ್ರವಾಸ, ಅಲ್ಲಿ ವಾಸವಿರುವವರ ಜೊತೆಗಿನ ವ್ಯವಹಾರ. ಮದುವೆಯ ಮಾತೇ ಇಲ್ಲ. ಬೆಂಕಿಯಂತೂ ಕೂಡದು. ಹತ್ತಿರದ ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲೂ ಅಷ್ಟೇ. ಇದು ಸರಿ ಅಂತಲೇ ನನ್ನ ಅಭಿಪ್ರಾಯ. ಸಿಂಗಳೀಕಗಳು ಉಳಿದಿರುವ ಕಾಡು ಅದು. ನಮ್ಮ ಒಂದು ದಿನದ ಸಂಭ್ರಮಕ್ಕೆ ಅವು ಯಾಕೆ ಜಾಗ ಬಿಡಬೇಕು?

ಹಾಗಾಗಿ ಕಾಡಿನ ಅಂಚಿನ ಖಾಸಗಿ ಜಾಗ ಹುಡುಕಿದೆವು. ಆಗ ನೆನಪಾದದ್ದು ಮಾವನ ಮನೆ. ನಮ್ಮ ಕಡೆ ಜಾಗದ ವಿಷಯದಲ್ಲಿ ವರ್ಗ ಯಾವುದು, ಕುಮ್ಕಿ ಯಾವುದು ಅಂತ ಕೇಳಿಕೊಳ್ಳಲೇಬೇಕು. ಮಾವನ ಗದ್ದೆ ವರ್ಗ ಜಾಗ, ಅಂದರೆ ಸ್ವಂತ ಪಟ್ಟಾ ಜಾಗ. ಅದರಾಚೆ ಕುಮ್ಕಿ, ಅದು ಸರಕಾರದ್ದು. ಅದರಾಚೆ ಕಾಡು. ಚಪ್ಪರ, ಒಲೆ, ವಾಹನ ಎಲ್ಲವೂ ಪಹಣಿಯಲ್ಲಿರುವ ಜಾಗದೊಳಗೇ ಇರಬೇಕು ಅಂತ ಮಾವ ಗಟ್ಟಿಯಾಗಿ ಹೇಳಿದ್ದರು. "ನಾಗಬನದ ಹತ್ತಿರ ಎಂತದೂ ಬೇಡ ಮಾರಾಯ್ತಿ" ಅಂತಲೂ ಹೇಳಿದರು. ಮನೆಯ ದೈವಕ್ಕೆ ತೆಂಗಿನಕಾಯಿ ಇಟ್ಟು ಪ್ರಾರ್ಥನೆಯನ್ನೂ ಅವರೇ ಮಾಡಿದರು. ಇವರ ಅಮ್ಮ ಪಕ್ಕದಲ್ಲಿ ಕೈಮುಗಿದು ನಿಂತಿದ್ದರು.

ಮನೆಯ ಅಂಗಳ ಸಿಗುತ್ತದೆ ಅಂತ ಭಾವಿಸಬೇಡಿ. ಚಳಿಗಾಲದಲ್ಲಿ ಘಟ್ಟದ ಬುಡದ ಮನೆಗಳ ಅಂಗಳದ ತುಂಬಾ ಅಡಿಕೆ ಒಣಗುತ್ತಿರುತ್ತದೆ. ಅದನ್ನು ಒಂದು ದಿನಕ್ಕೆ ಬಳಿದು ಒಳಗೆ ಹಾಕಿ ಅನ್ನುವುದು ದೊಡ್ಡ ಮಾತು. ಗದ್ದೆಯೇ ಒಳ್ಳೆಯದು. ಆದರೆ ಏಣಿಲು, ಅಂದರೆ ಮಳೆಗಾಲದ ಬತ್ತದ ಬೆಳೆ, ಕೊಯ್ಲಾದ ಮೇಲೆ ಗದ್ದೆಗೆ ಉದ್ದು, ಹೆಸರು ಬಿತ್ತುವವರಿದ್ದಾರೆ. ಬಿತ್ತುವ ಮೊದಲೇ ಹೇಳಿಟ್ಟರೆ ಒಂದು ಗದ್ದೆ ಬಿಟ್ಟುಕೊಡುತ್ತಾರೆ. ಮಾವ ಹಾಗೇ ಬಿಟ್ಟರು. ಬತ್ತದ ಕೂಳೆ ಬರಿಗಾಲಿಗೆ ಚುಚ್ಚುತ್ತದೆ, ಸೀರೆಯ ಅಂಚು ಸಿಕ್ಕಿಸಿಕೊಳ್ಳುತ್ತದೆ. ಕೂರುವ, ನಡೆಯುವ ಕಡೆಯ ಕೂಳೆಯನ್ನು ಬುಡಕ್ಕೆ ಕತ್ತರಿಸಿ, ಮೇಲೆ ಮಡಲಿನ (ತೆಂಗಿನ ಗರಿಯ) ತಟ್ಟಿ, ಅದರ ಮೇಲೆ ಚಾಪೆ ಹಾಸಿದೆವು. ವಯಸ್ಸಾದವರಿಗೆ ಕುರ್ಚಿ.

ದಿನ ಯಾವುದು ಅನ್ನುವುದಕ್ಕೆ ನಾವು ಪಂಚಾಂಗಕ್ಕಿಂತ ಆಕಾಶ ನೋಡಿದ್ದೇ ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್ ಬಿಡಿ, ಮಾತೇ ಇಲ್ಲ. ಅಕ್ಟೋಬರ್, ನವೆಂಬರ್‌ನಲ್ಲೂ ಘಟ್ಟದ ಬುಡದಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದುಂಟು, ತೋಟದಲ್ಲಿ ಉಂಬಳವೂ ಇರುತ್ತದೆ. ಏಪ್ರಿಲ್, ಮೇ ಸೆಕೆ, ಮತ್ತೆ ಸಂಜೆ ಮಳೆ. ಉಳಿಯುವುದು ಡಿಸೆಂಬರ್‌ನಿಂದ ಫೆಬ್ರವರಿ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗೆ ಧನುರ್ಮಾಸ, ಮದುವೆಗಳಿಲ್ಲ. ಅಡುಗೆಯವರು, ಗಾಡಿಯವರು ಎಲ್ಲ ಆರಾಮಾಗಿ ಸಿಗುತ್ತಾರೆ. ನಮಗೆ ಅದೇ ಅನುಕೂಲವಾಗಿತ್ತು. ಆದರೆ ಅಜ್ಜಿ "ಧನುರ್ಮಾಸದಲ್ಲಿ ನಾನು ಅಕ್ಷತೆ ಹಾಕುವುದು ಹೇಗೆ ಮಗಾ?" ಅಂತ ಕೇಳಿದರು. ಅಜ್ಜಿಯ ಅಕ್ಷತೆ ಇಲ್ಲದ ಮದುವೆ ನನಗೆ ಬೇಕಿರಲಿಲ್ಲ. ಸಂಕ್ರಾಂತಿ ಕಳೆದ ಮೇಲಿನ ಒಂದು ಬುಧವಾರ ಇಟ್ಟುಕೊಂಡೆವು. ಭಾನುವಾರ ಬೇಡವೇ ಬೇಡ. ಕಂಬಳ, ನೇಮ, ಬಯಲಾಟ ಎಲ್ಲ ಇರುವ ಕಾಲ ಅದು, ಅಡುಗೆಯವರು ಸಿಗುವುದೇ ಕಷ್ಟ. ಆಗುಂಬೆ ರಸ್ತೆಯಲ್ಲಿ ವಾಹನವೂ ಜಾಸ್ತಿ.

ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿಕೊಂಡದ್ದು ಬಿಸಿಲಿನ ಬಗ್ಗೆ. ಘಟ್ಟ ಇರುವುದು ಪೂರ್ವಕ್ಕೆ. ಜನವರಿ ಕೊನೆಗೆ ಉಡುಪಿಯಲ್ಲಿ ಏಳು ಗಂಟೆ ಹೊತ್ತಿಗೆ ಸೂರ್ಯೋದಯ. ಆದರೆ ಬುಡದ ಗದ್ದೆಗೆ ಬಿಸಿಲು ಬೀಳಲು ಎಂಟು ದಾಟಬೇಕು. ಅಲ್ಲಿಯವರೆಗೆ ಬೆಳಕು ಇರುತ್ತದೆ, ಬಿಸಿಲು ಇರುವುದಿಲ್ಲ. ತೋಟದೊಳಗೆ ಇಬ್ಬನಿ ಸೋಗೆಯಿಂದ ಸೋಗೆಗೆ ಜಾರಿ ಸಣ್ಣ ಮಳೆ ಬಂದ ಹಾಗೆ ತಟತಟ ಬೀಳುತ್ತದೆ. ಅದರಡಿ ಕೂತರೆ ರೇಷ್ಮೆ ಸೀರೆ ಒದ್ದೆ. ಇದನ್ನು ತಿಳಿಯಲು ಹಿಂದಿನ ವರ್ಷ ಅದೇ ತಿಂಗಳಲ್ಲಿ ಮಾವನ ಮನೆಯಲ್ಲಿ ಉಳಿದು, ಬೆಳಿಗ್ಗೆ ಗದ್ದೆಯ ಬದುವಿನ ಮೇಲೆ ಕೂತು ನೋಡಿದ್ದೆವು. ಬಿಸಿಲು ಮೊದಲು ಪಶ್ಚಿಮದ ತೆಂಗಿನ ತಲೆಗೆ ಬೀಳುತ್ತದೆ. ಆಮೇಲೆ ಕೆಳಗಿಳಿದು ಗದ್ದೆಯ ಆಚೆ ಬದಿಯಿಂದ ನಮ್ಮ ಕಡೆಗೆ ಬರುತ್ತದೆ. ಒಂಬತ್ತೂವರೆಗೆ ಇಡೀ ಗದ್ದೆ ಬೆಚ್ಚಗೆ, ಹುಲ್ಲು ಒಣ. ಹನ್ನೊಂದರ ಮೇಲೆ ಬಿಸಿಲು ಚುರುಕು. ಅದನ್ನು ನೋಡಿಯೇ ಒಂಬತ್ತೂವರೆಗೆ ಅಂತ ನಿಗದಿ ಮಾಡಿದ್ದು. ಇಂಥ ಜಾಗದಲ್ಲಿ ಮದುವೆಯಾಗುವವರು ಬೇರೆ ಯಾವುದನ್ನು ಬಿಟ್ಟರೂ ಇದನ್ನು ಬಿಡಬೇಡಿ. ಅದೇ ತಿಂಗಳಲ್ಲಿ, ಅದೇ ಹೊತ್ತಿಗೆ ಹೋಗಿ ಸುಮ್ನೆ ಕೂತು ನೋಡಿ.

ಅಲಂಕಾರಕ್ಕೆ ಹೊರಗಿನಿಂದ ತಂದದ್ದು ಮಲ್ಲಿಗೆ ಒಂದೇ. ಉಳಿದದ್ದು ತೋಟದ್ದು: ಮಾವಿನ ಸೊಪ್ಪು, ತೆಂಗಿನ ಸಿರಿ (ಎಳೆ ಗರಿ), ಹಿಂಗಾರ (ಅಡಿಕೆಯ ಹೂಗೊನೆ). ಹಿಂಗಾರವನ್ನು ಹಿಂದಿನ ರಾತ್ರಿ ಬಿಡಿಸಿಡಬಾರದು. ಮುಚ್ಚಿದ ಹಾಳೆಯಲ್ಲೇ ಇಟ್ಟು ಬೆಳಿಗ್ಗೆ ಸೀಳಬೇಕು. ಚೂರಿಯಿಂದ ಉದ್ದಕ್ಕೆ ಒಂದು ಗೆರೆ ಎಳೆದರೆ ಸಾಕು, ಹಾಳೆ ಬಾಯಿ ಬಿಡುತ್ತದೆ. ಒಳಗೆ ಒತ್ತಿಕೊಂಡಿದ್ದ ತೆಳು ಹಳದಿ ಎಳೆಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ, ಹಸಿ ಪರಿಮಳ ಬರುತ್ತದೆ. ಒಂದು ಹಿಂಗಾರ ಕೊಯ್ದರೆ ಒಂದು ಗೊನೆ ಅಡಿಕೆ ಹೋಯಿತು ಅಂತಲೇ ಲೆಕ್ಕ, ಹಾಗಾಗಿ ಮಾವ ತೋರಿಸಿದ್ದನ್ನು ಮಾತ್ರ ಕೊಯ್ದೆವು. ಮಲ್ಲಿಗೆ ಉಡುಪಿ ಹತ್ತಿರದ ಶಂಕರಪುರದ್ದು. ಚಳಿಗೆ ಇಳುವರಿ ಕಡಿಮೆ, ಮದುವೆಗಳು ಬೇರೆ ಶುರು, ದರ ಏರಿರುತ್ತದೆ. ಹೂವು ಮಾರುವ ಕಟ್ಟೆಯಲ್ಲಿ ಮೊದಲೇ ಹೇಳಿಟ್ಟು ಹಿಂದಿನ ದಿನ ಸಂಜೆ ತಂದು, ಒದ್ದೆ ಬಾಳೆಎಲೆಯಲ್ಲಿ ಸುತ್ತಿಟ್ಟೆವು.

ಹಿಂದಿನ ದಿನ ಮಂಗಳೂರಿನ ಮನೆಯಲ್ಲಿ ರೋಸ್, ಅಂದರೆ ಮದುವೆಗೆ ಮೊದಲು ತೆಂಗಿನ ಹಾಲು ಹಚ್ಚುವ ಶಾಸ್ತ್ರ. ತೆಂಗಿನ ಹಾಲು, ಹಾಡು, ಮೀನು, ಮಾಂಸ ಎಲ್ಲ ಅಲ್ಲೇ ಆಯಿತು. ಗದ್ದೆಯ ಊಟ ಸಸ್ಯಾಹಾರ. ಬೆಳಿಗ್ಗೆ ಇಡ್ಲಿಯಂಥ ಸನ್ನಾಂ ಮತ್ತು ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಮೂಡೆ ಎರಡೂ. ಮಧ್ಯಾಹ್ನ ಬಾಳೆಎಲೆಯಲ್ಲಿ ಮಟ್ಟುಗುಳ್ಳ ಬದನೆಯ ಹುಳಿ, ತೊಂಡೆಕಾಯಿ ಪಲ್ಯ, ಹೆಸರುಬೇಳೆ ಪಾಯಸ. ಹೆಬ್ರಿ ಕಡೆಯ ಅಡುಗೆ ಭಟ್ಟರು ಇಬ್ಬರು ಸಹಾಯಕರ ಜೊತೆ ಬಂದು ಎಲ್ಲ ಮುಗಿಸಿದರು.

ಕ್ರಮ ಅಂತ ನಾವು ಮಾಡಿದ್ದು ಸ್ವಲ್ಪವೇ. ಕುವೆಂಪು ಅವರ ಮಂತ್ರಮಾಂಗಲ್ಯದ ಸರಳ ಮದುವೆಗಳನ್ನು ನೋಡಿದ್ದೆವು. ಪುರೋಹಿತರಿಲ್ಲ, ಹಿರಿಯರೊಬ್ಬರು ಓದುತ್ತಾರೆ, ವಧೂವರರು ಮಾತು ಕೊಡುತ್ತಾರೆ. ಆ ದಾರಿ ಹಿಡಿದು ನಮ್ಮದೇ ಮಾತು ಬರೆದುಕೊಂಡೆವು. ದೊಡ್ಡಮ್ಮ ಓದಿದರು, ನಾವು ಹೇಳಿದೆವು. ಇವರ ಅಮ್ಮ ಕೊಂಕಣಿಯಲ್ಲಿ ಪ್ರಾರ್ಥನೆ ಹೇಳಿ ನಮ್ಮಿಬ್ಬರ ಹಣೆಗೂ ಶಿಲುಬೆಯ ಗುರುತು ಹಾಕಿದರು. ಅಜ್ಜಿ ಕುರ್ಚಿಯಿಂದ ಎದ್ದು ಬಂದು ಅಕ್ಷತೆ ಹಾಕಿದರು. ಮೈಕು ಬೇಕಾಗಲಿಲ್ಲ. ಮೂವತ್ತು ಜನಕ್ಕೆ ಬಾಯಿಮಾತೇ ಸಾಕು, ಗದ್ದೆ ಅಷ್ಟು ಮೌನವಾಗಿರುತ್ತದೆ. ಡ್ರೋನ್, ಪಟಾಕಿ ಬೇಡವೆಂದು ಮೊದಲೇ ಹೇಳಿದ್ದೆವು.

ಬರುವವರಿಗೆ ಮುಂಚೆ ತಿಳಿಸಬೇಕಾದ ಕೆಲವು ವಿಷಯ ಇವೆ. ಕರೆಯೋಲೆಯಲ್ಲಿ "ಹೆಬ್ರಿ ಸೋಮೇಶ್ವರ" ಅಂತ ದಪ್ಪಕ್ಷರದಲ್ಲಿ ಬರೆಯಿರಿ, ಇಲ್ಲದಿದ್ದರೆ ಮ್ಯಾಪು ಕಡಲಿಗೆ ಕರೆದುಕೊಂಡು ಹೋಗುತ್ತದೆ. ಅಲ್ಲಿ ಮೊಬೈಲ್ ಸಿಗ್ನಲ್ ಬಂದರೆ ಬಂತು, ಹೋದರೆ ಹೋಯಿತು. ಅಡುಗೆಯವರಿಗೆ, ಗಾಡಿಯವರಿಗೆ ಕೊಡಲು ನಗದು ಇರಲಿ. ಮಂಗಳೂರಿನಿಂದ ಎಲ್ಲರನ್ನೂ ಒಂದೇ ಟೆಂಪೊ ಟ್ರಾವೆಲರ್‌ನಲ್ಲಿ ಕರೆತಂದದ್ದು ಒಳ್ಳೆಯದಾಯಿತು, ಬದುವಿನ ಪಕ್ಕ ನಾಲ್ಕೈದು ಕಾರಿಗಿಂತ ಹೆಚ್ಚು ನಿಲ್ಲಿಸಲು ಜಾಗವಿಲ್ಲ.

ಉಣ್ಣಿಯ ಬಗ್ಗೆ ಹಗುರವಾಗಿ ಯೋಚಿಸಬೇಡಿ. ಉಂಬಳ ಹೋದ ಮೇಲೆ ಅದರ ಸರದಿ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನಕಾಯಿಲೆ ಹರಡುವುದು ಉಣ್ಣಿಯಿಂದಲೇ, ಮತ್ತು ಅದರ ಕಾಲ ಚಳಿಗಾಲದಿಂದ ಬೇಸಿಗೆಯವರೆಗೆ. ಫೋಟೋಕ್ಕೆ ಅಂತ ಕಾಡಿನ ತರಗೆಲೆ ಮೇಲೆ ಕೂರುವುದು, ಮಲಗುವುದು ನಾವು ಮಾಡಲಿಲ್ಲ. ಫೋಟೋ ಎಲ್ಲ ಗದ್ದೆ, ತೋಟದ ದಾರಿ, ಹೊಳೆಯ ಬಂಡೆಯ ಹತ್ತಿರ. ಕಾಲಿಗೆ ಎಣ್ಣೆ ಹಚ್ಚಿಕೊಂಡೆವು, ಮನೆಗೆ ಬಂದ ಮೇಲೆ ಬಿಸಿನೀರಿನ ಸ್ನಾನ, ಬಟ್ಟೆಗಳನ್ನು ಬೇರೆ ಇಟ್ಟು ಒಗೆದದ್ದು.

ಮೂರು ಗಂಟೆಗೆ ಎಲ್ಲರೂ ಹೊರಟರು. ಅದು ಮೊದಲೇ ಮಾಡಿಕೊಂಡ ನಿರ್ಧಾರ, ಕತ್ತಲಾದ ಮೇಲೆ ಬದುವಿನ ಮೇಲೆ ವಯಸ್ಸಾದವರನ್ನು ನಡೆಸುವುದು ಬೇಡ ಅಂತ. ಬಾಳೆಎಲೆ ಹಟ್ಟಿಯ ದನಗಳಿಗೆ, ಸೊಪ್ಪು, ಸಿರಿ ತೋಟದ ಬುಡಕ್ಕೆ. ಪ್ಲಾಸ್ಟಿಕ್ ನೀರಿನ ಬಾಟಲಿ ತರಲೇ ಇಲ್ಲ, ಅತ್ತೆ ಕಾಯಿಸಿಟ್ಟ ಲಾವಂಚದ ನೀರೇ ಎಲ್ಲರಿಗೂ ಸಾಕಾಯಿತು.

ಮಾವನ ಜಾಗ ಬಾಡಿಗೆಗೆ ಸಿಗುತ್ತದಾ ಅಂತ ಕೇಳುವವರಿದ್ದಾರೆ, ಇಲ್ಲ. ಆದರೆ ಹೆಬ್ರಿ, ಮಾಳ, ಆಗುಂಬೆ ಕಡೆ ತೋಟದೊಳಗಿನ ಹೋಮ್‌ಸ್ಟೇಗಳಿವೆ. ಫೋನ್ ಮಾಡುವಾಗ ಬಾಡಿಗೆ ಕೇಳುವ ಮೊದಲು ಇಷ್ಟು ಕೇಳಿ: ಜಾಗ ವರ್ಗವೋ ಕುಮ್ಕಿಯೋ, ಅಂಗಳದಲ್ಲಿ ಆ ತಿಂಗಳು ಅಡಿಕೆ ಇರುತ್ತದಾ, ಶೌಚಾಲಯ ಎಷ್ಟು, ಬಿಸಿಲು ಎಷ್ಟು ಗಂಟೆಗೆ ಬೀಳುತ್ತದೆ.