ಬರೆದಿದ್ದನ್ನೇ ಮತ್ತೆ ಬರೆಯುವ ಕೆಲಸ ಬಿಟ್ಟಿದ್ದು: ನನ್ನ ಅನುಭವ

ನಮ್ಮಲ್ಲಿ ಒಂದು ಆರ್ಡರ್ ಬಂದರೆ ಅದೇ ಪಾರ್ಟ್ ನಂಬರನ್ನು ಐದು ಕಡೆ ಬರೆಯುತ್ತಿದ್ದೆವು. ಗಿರಾಕಿ ವಾಟ್ಸಾಪ್‌ನಲ್ಲಿ ಕೇಳಿದ್ದನ್ನು ಒಬ್ಬರು ಚೀಟಿಯಲ್ಲಿ ಗೀಚಿಕೊಳ್ಳುತ್ತಿದ್ದರು. ಚೀಟಿ ನೋಡಿ ಇನ್ನೊಬ್ಬರು ಕೊಟೇಶನ್ ಟೈಪ್ ಮಾಡುತ್ತಿದ್ದರು. ಒಪ್ಪಿಗೆ ಬಂದ ಮೇಲೆ ಬಿಲ್‌ನಲ್ಲಿ ಮತ್ತೊಮ್ಮೆ, ಕೊರಿಯರ್ ಲೇಬಲ್‌ನಲ್ಲಿ ಇನ್ನೊಮ್ಮೆ, ಸ್ಟಾಕ್ ಪುಸ್ತಕದಲ್ಲಿ ಮಗದೊಮ್ಮೆ.

ನನ್ನದು ಯಂತ್ರಗಳ ಬಿಡಿಭಾಗ ಮಾರಿ, ರಿಪೇರಿಯನ್ನೂ ಮಾಡಿಕೊಡುವ ಸಣ್ಣ ವ್ಯವಹಾರ. ಬೆರಳೆಣಿಕೆಯ ಜನ ಇದ್ದೇವೆ. ಕಂಪ್ಯೂಟರ್ ವಿಭಾಗ ಅಂದರೆ ನಾನೊಬ್ಬನೇ. ಟೈಪ್ ಮಾಡುವುದಕ್ಕೆ ಹೋಗುವ ಸಮಯ ಅಷ್ಟೇನೂ ದೊಡ್ಡದಲ್ಲ. ಐದು ಕಡೆ ಇರುವ ನಂಬರ್‌ಗಳಲ್ಲಿ ಒಂದು ಅಂಕಿ ಬೇರೆಯಾದಾಗ ಯಾವುದು ಸರಿ ಅಂತ ಮೂರು ಜನ ಕೂತು ಹುಡುಕುತ್ತಾರಲ್ಲ, ಸಮಯ ಸೋರುವುದು ಅಲ್ಲಿ. ಹಾಗಾಗಿ ನಾನು ಆ್ಯಪ್ ಹುಡುಕಲು ಹೋಗಲಿಲ್ಲ. ಒಂದು ಆರ್ಡರ್ ಬಂದಲ್ಲಿಂದ ಹೋಗುವವರೆಗಿನ ದಾರಿಯನ್ನು ಹಾಳೆಯ ಮೇಲೆ ಬರೆದು, ಬರೆದಿದ್ದನ್ನೇ ಮತ್ತೆ ಬರೆಯುವ ಜಾಗಗಳಿಗೆಲ್ಲ ಕೆಂಪು ಸುತ್ತು ಹಾಕಿದೆ. ಆಮೇಲಿನ ಕೆಲಸವೆಲ್ಲ ಆ ಸುತ್ತುಗಳನ್ನು ಅಳಿಸುತ್ತಾ ಹೋಗಿದ್ದು.

ಮೊದಲು ಸ್ಪ್ರೆಡ್‌ಶೀಟ್. ಗಿರಾಕಿಗಳಿಗೆ ಒಂದು ಹಾಳೆ, ಪಾರ್ಟ್‌ಗಳಿಗೆ ಒಂದು ಹಾಳೆ, ಆರ್ಡರ್‌ಗಳಿಗೆ ಒಂದು. ಗಿರಾಕಿಯ ವಿಳಾಸ ಗಿರಾಕಿಗಳ ಹಾಳೆಯಲ್ಲಿ ಮಾತ್ರ ಇರುತ್ತದೆ. ಆರ್ಡರ್ ಹಾಳೆಯಲ್ಲಿ ಗಿರಾಕಿ ಕೋಡ್ ಹಾಕಿದರೆ ಎಕ್ಸ್‌ಲುಕಪ್ ಸೂತ್ರ ಹೆಸರು, ವಿಳಾಸ, ಫೋನ್ ಎಲ್ಲವನ್ನೂ ತಾನೇ ಎಳೆದು ತರುತ್ತದೆ. ಹಳೆಯ ವಿಲುಕಪ್ ಕೂಡ ಆಗುತ್ತದೆ. ಆದರೆ ಅದು ಕಾಲಂಗಳನ್ನು ಎಣಿಸಿ ಹೇಳಿಸಿಕೊಳ್ಳುತ್ತದೆ, ನಡುವೆ ಯಾರಾದರೂ ಒಂದು ಕಾಲಂ ಸೇರಿಸಿದರೆ ಫೋನ್ ನಂಬರ್ ಇರಬೇಕಾದಲ್ಲಿ ಊರಿನ ಹೆಸರು ಬಂದು ಕೂರುತ್ತದೆ. ಬಿಲ್, ಕೊಟೇಶನ್, ಕೊರಿಯರ್ ಲೇಬಲ್ ಮೂರೂ ಈಗ ಒಂದೇ ಆರ್ಡರ್ ಸಾಲಿನಿಂದ ತಯಾರಾಗುತ್ತವೆ.

ಬಿಡಿಭಾಗದ ವ್ಯವಹಾರದಲ್ಲಿ ಇರುವವರಿಗೆ ಒಂದು ಮಾತು ಹೇಳಲೇಬೇಕು. ಪಾರ್ಟ್ ನಂಬರ್ ಕಾಲಂ ಅನ್ನು ಏನೂ ತುಂಬುವ ಮೊದಲೇ ಟೆಕ್ಸ್ಟ್ ಫಾರ್ಮ್ಯಾಟ್‌ಗೆ ಬದಲಿಸಿ. ಇಲ್ಲದಿದ್ದರೆ ಎಕ್ಸೆಲ್ ತನ್ನ ಬುದ್ಧಿ ಉಪಯೋಗಿಸುತ್ತದೆ. 00457 ಅಂತ ಹಾಕಿದರೆ ಸೊನ್ನೆಗಳನ್ನು ಕಿತ್ತು 457 ಮಾಡುತ್ತದೆ. ಸೀರಿಯಲ್ ನಂಬರ್ 15 ಅಂಕಿ ದಾಟಿದರೆ ಆಮೇಲಿನ ಅಂಕಿಗಳನ್ನೆಲ್ಲ ಸೊನ್ನೆ ಮಾಡಿಬಿಡುತ್ತದೆ, ಎಚ್ಚರಿಕೆ ಕೂಡ ಕೊಡುವುದಿಲ್ಲ. 3-12 ಅನ್ನುವ ಪಾರ್ಟ್ ಅದರ ಕಣ್ಣಿಗೆ ತಾರೀಖು. ಆಮೇಲೆ ಟೆಕ್ಸ್ಟ್ ಮಾಡಲು ಹೋದರೆ 45728ರ ಥರದ್ದೇನೋ ಕಾಣಿಸುತ್ತದೆ. ತಾರೀಖನ್ನು ಅದು 1900ರಿಂದ ದಿನ ಎಣಿಸಿದ ಸಂಖ್ಯೆಯಾಗಿ ಒಳಗೆ ಇಟ್ಟುಕೊಂಡಿರುತ್ತದೆ, ನೀವು ಹಾಕಿದ 3-12 ಅಷ್ಟರಲ್ಲಿ ಹೋಗಿಯಾಗಿರುತ್ತದೆ.

ಇದು ಸಣ್ಣವರ ಗೋಳು ಮಾತ್ರ ಅಂದುಕೊಳ್ಳಬೇಡಿ. ಮಾರ್ಚ್1, ಸೆಪ್ಟ್1 ಎಂಬ ಹೆಸರಿನ ಮಾನವ ಜೀನ್‌ಗಳಿದ್ದವು. ವಿಜ್ಞಾನಿಗಳ ಫೈಲ್‌ಗಳಲ್ಲಿ ಎಕ್ಸೆಲ್ ಅವನ್ನೂ ತಾರೀಖು ಮಾಡುತ್ತಿತ್ತು. ಕೊನೆಗೆ 2020ರಲ್ಲಿ ಜೀನ್‌ಗಳಿಗೆ ಹೆಸರಿಡುವ ಸಮಿತಿ ಅವುಗಳ ಹೆಸರು ಬದಲಾಯಿಸಿರುವುದಾಗಿ ತಿಳಿಸಿತು. ಹೀಗೆ ತಾನಾಗೇ ಬದಲಿಸುವುದನ್ನು ಆಫ್ ಮಾಡುವ ಆಯ್ಕೆಯನ್ನು ಮೈಕ್ರೋಸಾಫ್ಟ್ 2023ರಲ್ಲಿ ಕೊಟ್ಟಿತು. ಒಂದು ತಂತ್ರಾಂಶಕ್ಕೆ ಹೆದರಿ ಜೀನ್ ಹೆಸರು ಬದಲಾಗಬೇಕಾದರೆ ನಮ್ಮ ಪಾರ್ಟ್ ನಂಬರ್ ಯಾವ ಲೆಕ್ಕ ಅಲ್ವಾ!

ಕೈಯಿಂದ ಟೈಪ್ ಮಾಡಬೇಕಾಗಿಯೇ ಬರುವ ಕಡೆ ಡ್ರಾಪ್‌ಡೌನ್ ಹಾಕಿದೆ, ಅಂದರೆ ಮೊದಲೇ ಕೊಟ್ಟ ಪಟ್ಟಿಯಿಂದ ಒಂದನ್ನು ಆರಿಸಿದರೆ ಆಯಿತು. ಆರ್ಡರ್ ಯಾವ ಹಂತದಲ್ಲಿದೆ ಅನ್ನುವ ಕಾಲಂನಲ್ಲಿ ಒಬ್ಬರು ‘ಬಾಕಿ’, ಇನ್ನೊಬ್ಬರು ‘ಪೆಂಡಿಂಗ್’, ಮತ್ತೊಬ್ಬರು ‘ಪೆಂಡಿಂಗ್ ಇದೆ’ ಅಂತ ಬರೆದರೆ ಫಿಲ್ಟರ್ ಏನು ಮಾಡಬೇಕು ಪಾಪ. ಬಣ್ಣ ಬಳಿಯುವುದನ್ನೂ ನಿಲ್ಲಿಸಿದೆವು. ಹಳದಿ ಅಂದರೆ ಏನು ಅನ್ನುವುದು ಬಳಿದವರಿಗೆ ಮಾತ್ರ ಗೊತ್ತಿರುತ್ತದೆ, ಅವರಿಗೂ ಒಂದು ವಾರ ಅಷ್ಟೇ. ಸೆಲ್‌ಗಳನ್ನು ಮರ್ಜ್ ಮಾಡುವುದು, ಅಂದರೆ ಹಲವು ಚೌಕಗಳನ್ನು ಕೂಡಿಸಿ ಒಂದು ಮಾಡುವುದು, ನಮ್ಮಲ್ಲಿ ನಿಷೇಧ. ನೋಡಲು ಚೆಂದ, ಸಾರ್ಟ್ ಮಾಡಲು ಹೋದಾಗ ತಲೆನೋವು.

ಶೀಟು ಎಲ್ಲರಿಗೂ ಆನ್‌ಲೈನ್‌ನಲ್ಲಿ ಹಂಚಿಕೊಂಡದ್ದು. ‘ಫೈನಲ್’, ‘ಫೈನಲ್ 2’, ‘ಇದೇ ಫೈನಲ್’ ಫೈಲ್‌ಗಳ ಕಾಟ ಅಲ್ಲಿಗೆ ಮುಗಿಯಿತು. ಗೂಗಲ್ ಶೀಟ್ಸ್‌ನಲ್ಲಿ ಯಾವುದೇ ಸೆಲ್ ಮೇಲೆ ರೈಟ್ ಕ್ಲಿಕ್ ಮಾಡಿ ಎಡಿಟ್ ಹಿಸ್ಟರಿ ನೋಡಿದರೆ ಯಾರು, ಯಾವಾಗ, ಏನನ್ನು ಬದಲಿಸಿದರು ಅಂತ ಕಾಣುತ್ತದೆ. ಇದನ್ನು ಜಗಳಕ್ಕೆ ಬಳಸಬಾರದು ಅಂತ ಮೊದಲೇ ಮಾತಾಡಿಕೊಂಡಿದ್ದೇವೆ. ಇಲ್ಲದಿದ್ದರೆ ಜನ ಹೆದರಿ ಶೀಟು ಮುಟ್ಟುವುದನ್ನೇ ಬಿಡುತ್ತಾರೆ, ಚೀಟಿ ಮತ್ತೆ ಬರುತ್ತದೆ.

ಸ್ಟಾಕ್ ವಿಷಯಕ್ಕೆ ಸ್ವಲ್ಪ ಜಾಸ್ತಿ ತಲೆ ಕೆಡಿಸಿಕೊಂಡೆ. ಪಾರ್ಟ್ ತೆಗೆದುಕೊಳ್ಳುವವರು ನಿಂತಿರುವುದು ರ‍್ಯಾಕ್ ಮುಂದೆ, ಕಂಪ್ಯೂಟರ್ ಇರುವುದು ಮೇಜಿನ ಮೇಲೆ. ನಡುವಿನ ಹತ್ತು ಹೆಜ್ಜೆಯಲ್ಲಿ ಲೆಕ್ಕ ಮರೆತುಹೋಗುತ್ತದೆ. ಇದಕ್ಕೆ ಕ್ಯೂಆರ್ ಕೋಡ್ ಹಚ್ಚಿದೆ. ಅಂದಹಾಗೆ, ಕ್ಯೂಆರ್ ಕೋಡ್ ಹುಟ್ಟಿದ್ದೇ ಇಂಥ ಕೆಲಸಕ್ಕೆ. 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯಲ್ಲಿ ಮಸಾಹಿರೊ ಹಾರಾ ಮತ್ತು ಅವರ ತಂಡ ಅದನ್ನು ಮಾಡಿದ್ದು ವಾಹನದ ಬಿಡಿಭಾಗಗಳ ಲೆಕ್ಕ ಇಡಲಿಕ್ಕೆ. ಹಣ ಪಾವತಿ, ಮೆನು ಕಾರ್ಡ್ ಎಲ್ಲ ಆಮೇಲೆ ಬಂದವು.

ಮಾಡಿದ್ದು ಹೀಗೆ. ಗೂಗಲ್ ಫಾರ್ಮ್ಸ್‌ನಲ್ಲಿ ಮೂರು ಪ್ರಶ್ನೆಯ ಒಂದು ಫಾರ್ಮ್: ಪಾರ್ಟ್ ನಂಬರ್, ಒಳಗೆ ಬಂದಿತೋ ಹೊರಗೆ ಹೋಯಿತೋ, ಎಷ್ಟು. ಫಾರ್ಮ್‌ನ ಮೆನುವಿನಲ್ಲಿ ಮೊದಲೇ ತುಂಬಿದ ಲಿಂಕ್ ತೆಗೆದುಕೊಳ್ಳುವ ಆಯ್ಕೆ ಇದೆ. ಅಲ್ಲಿ ಪಾರ್ಟ್ ನಂಬರ್ ಜಾಗದಲ್ಲಿ ಏನೋ ಒಂದು ತುಂಬಿ ಲಿಂಕ್ ತೆಗೆದರೆ ಅದರೊಳಗೆ ನೀವು ತುಂಬಿದ್ದು ಕಾಣಿಸುತ್ತದೆ. ಅಷ್ಟನ್ನು ತೆಗೆದು, ಪಾರ್ಟ್ ಹಾಳೆಯಲ್ಲಿ ಒಂದು ಸೂತ್ರದಿಂದ ಪ್ರತಿ ಸಾಲಿನ ಪಾರ್ಟ್ ನಂಬರನ್ನು ಅಲ್ಲಿ ಜೋಡಿಸಿದೆ. ಸಾಲಿಗೊಂದು ಲಿಂಕ್, ಲಿಂಕಿಗೊಂದು ಕ್ಯೂಆರ್, ಕ್ಯೂಆರ್ ಪ್ರಿಂಟ್ ಆಗಿ ಡಬ್ಬಿಯ ಮೇಲೆ. ಈಗ ಪಾರ್ಟ್ ತೆಗೆಯುವವರು ಫೋನ್ ಹಿಡಿದರೆ ಪಾರ್ಟ್ ನಂಬರ್ ತುಂಬಿಕೊಂಡೇ ಫಾರ್ಮ್ ತೆರೆಯುತ್ತದೆ. ಎಷ್ಟು ಅಂತ ಒತ್ತಿ ಕಳಿಸಿದರೆ ಆಯಿತು. ದಿನ, ಸಮಯ ತಾನಾಗೇ ದಾಖಲಾಗುತ್ತದೆ.

ಸ್ಟಾಕ್ ಎಷ್ಟಿದೆ ಅನ್ನುವ ಸಂಖ್ಯೆಯನ್ನು ನಾವು ಯಾರೂ ಕೈಯಿಂದ ತಿದ್ದುವುದಿಲ್ಲ. ಪಾಸ್‌ಬುಕ್ಕಿನಲ್ಲಿ ಬಾಕಿ ಹಣವನ್ನು ಯಾರೂ ರಬ್ಬರ್ ಹಾಕಿ ತಿದ್ದುವುದಿಲ್ಲವಲ್ಲ, ಹಾಗೆ. ಬಂದದ್ದು ಒಂದು ಸಾಲು, ಹೋದದ್ದು ಒಂದು ಸಾಲು. ಸಮ್‌ಇಫ್ಸ್ ಸೂತ್ರ ಎಲ್ಲ ಕೂಡಿ ಕಳೆದು ಉಳಿದದ್ದನ್ನು ತೋರಿಸುತ್ತದೆ. ಡಬ್ಬಿಯಲ್ಲಿರುವುದಕ್ಕೂ ಶೀಟಿನಲ್ಲಿರುವುದಕ್ಕೂ ತಾಳೆಯಾಗದಿದ್ದರೆ ‘ಎಣಿಕೆ ಸರಿಪಡಿಸಿದ್ದು’ ಅಂತ ಇನ್ನೊಂದು ಸಾಲು ಸೇರಿಸುತ್ತೇವೆ. ಯಾವ ಪಾರ್ಟ್‌ಗೆ ಇಂಥ ಸಾಲು ಪದೇ ಪದೇ ಬರುತ್ತಿದೆ ಅಂತ ನೋಡಿದರೆ ತೊಂದರೆ ಎಲ್ಲಿದೆ ಅಂತ ಗೊತ್ತಾಗುತ್ತದೆ.

ಕೋಡ್ ಪ್ರಿಂಟ್ ಮಾಡುವಾಗ ದೋಷ ತಿದ್ದುವ ಮಟ್ಟ ಕೇಳಿದರೆ ಎಚ್ ಆರಿಸಿ. ಸುಮಾರು 30 ಶೇಕಡಾದಷ್ಟು ಹಾಳಾದರೂ ಕೋಡ್ ಓದಿಸಿಕೊಳ್ಳುತ್ತದೆ. ಗ್ರೀಸ್ ಮೆತ್ತಿಕೊಳ್ಳುವ ಜಾಗಕ್ಕೆ ಇದು ಬೇಕೇ ಬೇಕು. ಕೆಲವು ವೆಬ್‌ಸೈಟ್‌ಗಳು ‘ಡೈನಾಮಿಕ್’ ಕ್ಯೂಆರ್ ಕೊಡುತ್ತವೆ. ಅದು ಅವರ ಸರ್ವರ್ ಮೂಲಕ ಹಾದು ಹೋಗುತ್ತದೆ, ಚಂದಾ ನಿಲ್ಲಿಸಿದರೆ ನಿಮ್ಮ ಡಬ್ಬಿಯ ಮೇಲಿನ ಕೋಡ್‌ಗಳೆಲ್ಲ ಸತ್ತಂತೆ. ಸಾದಾ ಕೋಡೇ ಸಾಕು.

ಕೈ ಗಲೀಜಾಗಿರುವಾಗ ಟೈಪ್ ಮಾಡಲು ಯಾರಿಗೂ ಇಷ್ಟವಿಲ್ಲ. ರಿಪೇರಿಯ ಟಿಪ್ಪಣಿಗಳನ್ನು ಫೋನಿಗೆ ಹೇಳಿ ಬರೆಸುತ್ತೇವೆ. ಗೂಗಲ್‌ನ ಧ್ವನಿ ಟೈಪಿಂಗ್‌ಗೆ ಕನ್ನಡ 2017ರಲ್ಲೇ ಬಂತು. ಪಾರ್ಟ್ ನಂಬರ್ ಹೇಳಿದರೆ ಎಡವಟ್ಟು ಮಾಡುತ್ತದೆ, ‘ಬೇರಿಂಗ್ ಸವೆದಿದೆ, ಸೀಲ್ ಕೂಡ ಬದಲಿಸಬೇಕು’ ಅನ್ನುವಂಥದ್ದನ್ನು ಚೆನ್ನಾಗಿಯೇ ಬರೆಯುತ್ತದೆ.

ಸಣ್ಣಪುಟ್ಟವು ಇನ್ನೂ ಇವೆ. ವಿಂಡೋಸ್ ಕೀ ಜೊತೆ ವಿ ಒತ್ತಿದರೆ ಇತ್ತೀಚೆಗೆ ಕಾಪಿ ಮಾಡಿದ್ದರ ಪಟ್ಟಿ ಬರುತ್ತದೆ. ಬ್ಯಾಂಕ್ ವಿವರ, ವಿಳಾಸದಂಥವನ್ನು ಅಲ್ಲಿ ಪಿನ್ ಮಾಡಿಟ್ಟರೆ ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದರೂ ಉಳಿಯುತ್ತದೆ. ಕಂಟ್ರೋಲ್ ಮತ್ತು ಸೆಮಿಕೋಲನ್ ಒತ್ತಿದರೆ ಶೀಟಿನಲ್ಲಿ ಇವತ್ತಿನ ತಾರೀಖು. ವಾಟ್ಸಾಪ್ ಬಿಸಿನೆಸ್‌ನಲ್ಲಿ ಓರೆಗೆರೆ ಹಾಕಿ ಒಂದು ಪದ ಬರೆದರೆ ಪೂರ್ತಿ ಉತ್ತರ ಬರುವ ಕ್ವಿಕ್ ರಿಪ್ಲೈ ಇದೆ. ‘ಯಂತ್ರದ ಮೇಲಿನ ಪ್ಲೇಟಿನ ಫೋಟೋ ಕಳಿಸಿ’ ಅನ್ನುವ ಒಂದೇ ಉತ್ತರ ನಮ್ಮ ಅರ್ಧ ಮಾತುಕತೆ ಉಳಿಸಿದೆ. ಫೈಲ್ ಹೆಸರಿನ ಮೊದಲಿಗೆ ತಾರೀಖನ್ನು 2025-03-07 ಹೀಗೆ ವರ್ಷದಿಂದ ಶುರು ಮಾಡಿ ಬರೆಯಿರಿ, ಫೋಲ್ಡರ್ ತಾನಾಗೇ ಕಾಲಕ್ರಮದಲ್ಲಿ ಕೂರುತ್ತದೆ.

ಎಐ ಚಾಟ್‌ಗಳನ್ನು ಸೂತ್ರ ಬರೆಸಲು ಬಳಸುತ್ತೇನೆ. ಉತ್ತರ ನನಗೆ ಮೊದಲೇ ಗೊತ್ತಿರುವ ನಾಲ್ಕು ಸಾಲಿನ ಮೇಲೆ ಆ ಸೂತ್ರವನ್ನು ಓಡಿಸಿ ನೋಡದೆ ಒಳಗೆ ಬಿಡುವುದಿಲ್ಲ. ಗಿರಾಕಿಗಳ ಪಟ್ಟಿಯನ್ನು ಅಲ್ಲಿಗೆ ಅಂಟಿಸುವುದಿಲ್ಲ, ಸುಳ್ಳು ಹೆಸರು ಹಾಕಿದ ಮಾದರಿ ಸಾಕಾಗುತ್ತದೆ.

ಎಲ್ಲವೂ ಒಂದೇ ಕಡೆ ಇರುವಾಗ ಆ ಒಂದು ಕಡೆ ಹೋದರೆ ಎಲ್ಲವೂ ಹೋದಂತೆ. ಕ್ಲೌಡ್‌ನಲ್ಲಿದೆ ಬಿಡಿ ಅನ್ನುವವರಿಗೆ ನಾನು ಹೇಳುವುದು: ಸಿಂಕ್ ಬೇರೆ, ಬ್ಯಾಕಪ್ ಬೇರೆ. ಸಿಂಕ್ ಎಲ್ಲ ಕಡೆಯ ಫೈಲನ್ನು ಒಂದೇ ಥರ ಇಡುತ್ತದೆ, ಹಾಗಾಗಿ ಒಂದು ಕಂಪ್ಯೂಟರ್‌ನಲ್ಲಿ ಅಳಿಸಿದ್ದು ಎಲ್ಲ ಕಡೆಯೂ ಅಳಿಸಿಹೋಗುತ್ತದೆ. ಗೂಗಲ್ ಡ್ರೈವ್‌ನ ಕಸದ ಬುಟ್ಟಿ 30 ದಿನಕ್ಕೆ ತಾನೇ ಖಾಲಿಯಾಗುತ್ತದೆ. ಹಳೆಯ 3-2-1 ನಿಯಮ ಈಗಲೂ ಸರಿ: ಮೂರು ಪ್ರತಿ, ಎರಡು ಬಗೆಯ ಜಾಗದಲ್ಲಿ, ಒಂದು ಪ್ರತಿ ಕಟ್ಟಡದ ಹೊರಗೆ. ವಾರಕ್ಕೊಮ್ಮೆ ಶೀಟನ್ನು ಡೌನ್‌ಲೋಡ್ ಮಾಡಿ ಹೊರಗಿನ ಡಿಸ್ಕ್‌ಗೆ ಹಾಕಿ, ಡಿಸ್ಕ್ ಕಿತ್ತು ಬೇರೆಡೆ ಇಡುತ್ತೇವೆ. ಆಗಾಗ ಆ ಪ್ರತಿಯನ್ನು ತೆರೆದೂ ನೋಡುತ್ತೇವೆ. ತೆರೆದು ನೋಡದ ಬ್ಯಾಕಪ್ಪನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಪಾಸ್‌ವರ್ಡ್ ಎಲ್ಲರಿಗೂ ಒಂದೇ ಇಡಬೇಡಿ. ತಲೆಗೊಂದು ಖಾತೆ ಇದ್ದರೆ ಯಾರಾದರೂ ಕೆಲಸ ಬಿಟ್ಟಾಗ ಒಂದನ್ನು ಮುಚ್ಚಿದರೆ ಆಯಿತು. ಪಾಸ್‌ವರ್ಡ್ ಹಾಕಿದ ಮೇಲೆ ಕೇಳುವ ಎರಡನೇ ಹಂತದ ಪರಿಶೀಲನೆಗೆ ಎಸ್‌ಎಂಎಸ್ ಬದಲು 30 ಸೆಕೆಂಡಿಗೊಮ್ಮೆ ಕೋಡ್ ಬದಲಿಸುವ ಆ್ಯಪ್ ಬಳಸುತ್ತೇವೆ. ಆ ಫೋನ್ ಕಳೆದುಹೋದರೆ ಏನು ಅಂತ ಮೊದಲೇ ಯೋಚಿಸಿ, ಬ್ಯಾಕಪ್ ಕೋಡ್‌ಗಳನ್ನು ಪ್ರಿಂಟ್ ಮಾಡಿ ಬೀಗದ ಒಳಗೆ ಇಟ್ಟಿದ್ದೇನೆ.

ಶೀಟಿಗೆ ಮಿತಿ ಇದೆ, ಒಪ್ಪುತ್ತೇನೆ. ಏಳೆಂಟು ಜನ ಒಟ್ಟಿಗೆ ತಿದ್ದಲು ಶುರು ಮಾಡಿದರೆ, ತೆರಿಗೆ ಲೆಕ್ಕ ಜಟಿಲವಾದರೆ ಸರಿಯಾದ ತಂತ್ರಾಂಶ ಕೊಳ್ಳುವುದೇ ಒಳ್ಳೆಯದು. ಕೊಳ್ಳುವ ಮೊದಲು ಉಚಿತ ಅವಧಿಯಲ್ಲೇ ನಿಮ್ಮ ನಿಜವಾದ ಮಾಹಿತಿಯನ್ನು ಒಳಗೆ ಹಾಕಿ, ಪೂರ್ತಿಯಾಗಿ ಸಿಎಸ್‌ವಿ ಫೈಲ್ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಸಾದಾ ಅಕ್ಷರಗಳ ಪಟ್ಟಿ) ಆಗಿ ಹೊರಗೆ ತೆಗೆದು ನೋಡಿ. ಬರೀ ಗಿರಾಕಿಗಳ ಹೆಸರು ಕೊಟ್ಟು ಹಳೆಯ ಬಿಲ್ ಕೊಡದ ತಂತ್ರಾಂಶಗಳೂ ಇವೆ. ತೆಗೆದ ಫೈಲನ್ನು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ, ಡೇಟಾ ಮೆನುವಿನಿಂದ ಇಂಪೋರ್ಟ್ ಮಾಡಿ ನಂಬರ್ ಕಾಲಂಗಳನ್ನು ಟೆಕ್ಸ್ಟ್ ಅಂತ ಹೇಳಿಕೊಡಿ. ಅಥವಾ ಸುಮ್ನೆ ನೋಟ್‌ಪ್ಯಾಡ್‌ನಲ್ಲಿ ತೆರೆದರೂ ಏನೇನು ಬಂದಿದೆ ಅಂತ ಕಾಣುತ್ತದೆ.